ಬಯೋಡಾಟಾ ಬರೆಯಲು ಕದ್ದ ತಂತ್ರಾಂಶ ಯಾಕೆ? ಜೋಗೇಶ್ವರಿಯ ಸಂಘಗಳು ಯೋಚಿಸಬೇಕಾದ ಸಂಗತಿ

ಜೂನ್ ತಿಂಗಳು ಬಂತೆಂದರೆ ಮುಂಬಯಿ ಉಪನಗರಗಳ ತುಳು-ಕನ್ನಡಿಗ ಸಂಘ ಸಂಸ್ಥೆಗಳಲ್ಲಿ ನೋಟ್ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ, ಪ್ರತಿಭಾವಂತರಿಗೆ ಸಮ್ಮಾನ ಎಂದು ಕಾರ್ಯಕ್ರಮಗಳು ಸಾಲುಸಾಲಾಗಿ ಜರಗುತ್ತವೆ. ಜೋಗೇಶ್ವರಿ ಪರಿಸರವೂ ಇದಕ್ಕೆ ಹೊರತಲ್ಲ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಗೆ ವೇದಿಕೆಯಲ್ಲಿ ಹೂಗುಚ್ಛ ಸಿಗುತ್ತದೆ, ಅಧ್ಯಕ್ಷರ ಜತೆ ನಿಂತ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಅದೇ ಹುಡುಗಿ ಐದು ವರ್ಷ ಕಳೆದು ಬಿ.ಕಾಂ. ಮುಗಿಸಿ ಮೊದಲ ಕೆಲಸಕ್ಕೆ ಅರ್ಜಿ ಬರೆಯಲು ಕೂರುವಾಗ ಸಂಘದವರು ಯಾರೂ ಹತ್ತಿರ ಇರುವುದಿಲ್ಲ. ಆಕೆ ಹೋಗುವುದು ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಗೆ.

ಅಲ್ಲಿ ನಡೆಯುವ ವ್ಯವಹಾರ ಎಲ್ಲರಿಗೂ ಗೊತ್ತಿದ್ದದ್ದೇ. ಅಂಗಡಿಯ ಹುಡುಗ ಹಿಂದಿನ ಯಾರದೋ ಬಯೋಡಾಟಾ ತೆರೆದು, ಹೆಸರು ಅಳಿಸಿ, ಹೊಸ ಹೆಸರು ತುಂಬುತ್ತಾನೆ. ಹೆಸರು ಬದಲಾಗುತ್ತದೆ, 'ಉದ್ದೇಶ' ಎಂಬ ತಲೆಬರಹದ ಕೆಳಗಿನ ಎರಡು ಸಾಲು ಬದಲಾಗುವುದಿಲ್ಲ. ಹೀಗಾಗಿ ಲೆಕ್ಕಪತ್ರ ಕಲಿತ ಹುಡುಗಿಯ ಅರ್ಜಿಯಲ್ಲಿಯೂ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನ ಅರ್ಜಿಯಲ್ಲಿಯೂ ಒಂದೇ ಮಾತು. ನಾಲ್ಕು ಪ್ರಿಂಟ್ ತೆಗೆದು ಹಣ ಕೊಟ್ಟು ಬಂದರೆ ಮುಗಿಯಿತು. ಮರುವಾರ ಮೊಬೈಲ್ ನಂಬ್ರ ಬದಲಾದರೆ ಪುನಃ ಅದೇ ಅಂಗಡಿ, ಪುನಃ ಹಣ, ಯಾಕೆಂದರೆ ಫೈಲು ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಜನ್ಮ ದಿನಾಂಕ, ಮನೆಯ ವಿಳಾಸ, ತಂದೆಯ ಹೆಸರು, ಕೆಲವೊಮ್ಮೆ ಆಧಾರ್ ಮತ್ತು ಪಾಸ್‌ಪೋರ್ಟ್ ನಂಬ್ರ ಕೂಡ ಅದೇ ಪರದೆಯ ಮೇಲೆ, ಮುಂದಿನ ಗಿರಾಕಿ ನೋಡುವಂತೆ ಉಳಿದಿರುತ್ತದೆ. ಹೆಣ್ಣುಮಕ್ಕಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

ಮನೆಯಲ್ಲಿ ಕಂಪ್ಯೂಟರ್ ಇದ್ದವರ ಕಥೆ ಬೇರೆ ತರಹದ್ದು. ಹಳೆಯ ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವನು 'ಎಲ್ಲ ಹಾಕಿ ಕೊಟ್ಟಿದ್ದೇನೆ' ಎನ್ನುತ್ತಾನೆ. ಆ 'ಎಲ್ಲ' ಎಂಬುದರಲ್ಲಿ ಮೈಕ್ರೋಸಾಫ್ಟ್ ವರ್ಡ್ ಇರುತ್ತದೆ, ಅದಕ್ಕೆ ಬಿಲ್ ಇರುವುದಿಲ್ಲ. ಅಂದರೆ ಕದ್ದ ಪ್ರತಿ. ನಮ್ಮವರು ಹೊಟೇಲಿನಲ್ಲಿ ಒಂದು ಚಮಚ ಕಡಿಮೆಯಾದರೆ ಲೆಕ್ಕ ಕೇಳುವವರು. ತಂತ್ರಾಂಶದ ವಿಷಯದಲ್ಲಿ ಮಾತ್ರ ಕಳವು ಕಳವೆಂದು ಅನಿಸುವುದಿಲ್ಲ. ಕಾನೂನಿಗೆ ಹಾಗೆ ಅನಿಸುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ನಕಲಿ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳ ತನಕ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ತನಕ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯ ವಿಶೇಷ ಕಾರಣ ನೀಡಿ ಸಜೆ ಬಿಟ್ಟು 50 ಸಾವಿರದೊಳಗೆ ದಂಡ ಮಾತ್ರ ವಿಧಿಸಬಹುದು. ಪೋಲಿಸರು ಚಾಳಿಗೆ ಬಂದು ಲ್ಯಾಪ್‌ಟಾಪ್ ತೆರೆದು ನೋಡುವುದಿಲ್ಲ ಎಂಬುದೂ ನಿಜವೇ. ಆದರೆ ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಅದೇ ಪ್ರತಿ ಇದ್ದರೆ ಪದಾಧಿಕಾರಿಗಳು ಏನು ಉತ್ತರ ಕೊಡುತ್ತಾರೆ? ಅದಕ್ಕಿಂತ ಹತ್ತಿರದ ಅಪಾಯವೆಂದರೆ, ಬೀಗ ಮುರಿದ ಇಂತಹ ಪ್ರತಿಗಳ ಜತೆಗೆ ವೈರಸ್ ಬರುತ್ತದೆ. ಅರ್ಜಿ ಬರೆಯುವ ಕಂಪ್ಯೂಟರಿನಲ್ಲೇ ತಂದೆಯವರ ಬ್ಯಾಂಕ್ ವ್ಯವಹಾರವೂ ನಡೆಯುತ್ತದೆ ಎಂಬುದನ್ನು ಮರೆಯಬಾರದು.

ಹಣ ಕೊಟ್ಟು ಕೊಳ್ಳಬಹುದಲ್ಲ ಎಂದರೆ, ಖಂಡಿತ ಕೊಳ್ಳಬಹುದು. ಈಗ ಅದು ಹೆಚ್ಚಾಗಿ ವರ್ಷ ವರ್ಷ ಚಂದಾ ಕಟ್ಟುವ ಪದ್ಧತಿ. ಕೆಲಸವಿದ್ದವನಿಗೆ ಅದು ಹೊರೆಯಲ್ಲ. ಕೆಲಸ ಹುಡುಕುವವನಿಗೆ, ಎರಡು ಪುಟ ಬರೆಯುವುದಕ್ಕಾಗಿ, ಹೊರೆಯೇ.

ಇಲ್ಲಿ ಒಂದು ಹಳೆಯ ನೆನಪು ಅಪ್ರಸ್ತುತವಾಗದು. ಹಗಲಲ್ಲಿ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿದ ತಲೆಮಾರು ಮುಂದಿನ ಮೆಟ್ಟಿಲಾಗಿ ಹಿಡಿದದ್ದು ಟೈಪಿಂಗ್ ಕ್ಲಾಸನ್ನು. ಗೋದ್ರೆಜ್ ಕಂಪೆನಿ 1955ರಲ್ಲಿ ಟೈಪ್‌ರೈಟರ್ ತಯಾರಿಸತೊಡಗಿತು. 2011ರ ಹೊತ್ತಿಗೆ ಅದು ನಿಂತೇ ಹೋಗಿತ್ತು. ಆ ನಡುವಿನ ಅರ್ಧ ಶತಮಾನದಲ್ಲಿ ಬ್ಯಾಂಕು, ವಿಮಾ ಕಂಪೆನಿ, ಬಂದರು ಕಚೇರಿಗಳಿಗೆ ಸೇರಿದ ಎಷ್ಟೋ ಮಂದಿ ಊರಿನವರು ಆ ಯಂತ್ರದ ಋಣಿಗಳು. ಅಂದು ಯಾರೂ ಯಂತ್ರ ಕೊಂಡು ಕಲಿತದ್ದಲ್ಲ, ಕ್ಲಾಸಿನ ಯಂತ್ರದ ಮೇಲೆ ಕಲಿತರು. ತಮ್ಮ ಅರ್ಜಿಯನ್ನು ತಾವೇ ಹೊಡೆದರು. ಇಂದು ಯಂತ್ರ ಮನೆಯಲ್ಲಿಯೇ ಇದೆ, ಅರ್ಜಿ ಮಾತ್ರ ಅಂಗಡಿಯವನು ಹೊಡೆಯುತ್ತಾನೆ. ಇದನ್ನು ಮುನ್ನಡೆ ಎನ್ನುವುದು ಕಷ್ಟ.

ಹಾಗಾದರೆ ಉಚಿತವಾಗಿ, ಕಾನೂನುಬದ್ಧವಾಗಿ ಸಿಗುವುದು ಯಾವುದು? ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ಲಿಬ್ರೆಆಫೀಸ್ ಎಂಬುದೇ ಮೊದಲ ಆಯ್ಕೆಯಾಗಬೇಕು. ಇದರ ಮೂಲ ಓಪನ್ ಆಫೀಸ್. ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ 1999ರಲ್ಲಿ ಜರ್ಮನಿಯ ಒಂದು ಕಂಪೆನಿಯನ್ನು ಕೊಂಡು, 2000ದಲ್ಲಿ ಅದರ ತಂತ್ರಾಂಶದ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. 2010ರಲ್ಲಿ ಸನ್ ಕಂಪೆನಿ ಒರಾಕಲ್ ಕೈಸೇರಿದಾಗ ಅದನ್ನು ಬೆಳೆಸುತ್ತಿದ್ದ ಸ್ವಯಂಸೇವಕರಲ್ಲಿ ಹೆಚ್ಚಿನವರು ಹೊರಬಂದು ಅದೇ ವರ್ಷ ಸೆಪ್ಟಂಬರ್ 28ರಂದು 'ದಿ ಡಾಕ್ಯುಮೆಂಟ್ ಫೌಂಡೇಶನ್' ಕಟ್ಟಿ ಲಿಬ್ರೆಆಫೀಸ್ ಎಂಬ ಹೆಸರಿಟ್ಟರು. ಸಂಘಗಳು ಒಡೆದು ಎರಡಾಗುವುದನ್ನು ಕಂಡ ಮುಂಬಯಿ ಕನ್ನಡಿಗರಿಗೆ ಈ ಕಥೆ ವಿಚಿತ್ರವೆನಿಸದು. ಇಲ್ಲಿ ಒಡೆದು ಹೋದದ್ದೇ ಹೆಚ್ಚು ಬೆಳೆಯಿತು ಎಂಬುದಷ್ಟೇ ವಿಶೇಷ. ಹಳೆಯ ಓಪನ್ ಆಫೀಸ್ ಅಪಾಚೆ ಸಂಸ್ಥೆಯ ಹೆಸರಲ್ಲಿ ಇನ್ನೂ ಸಿಗುತ್ತದೆ. ಹೆಸರು ಪರಿಚಿತವೆಂದು ಅದನ್ನು ಹಾಕಿಕೊಳ್ಳುವವರಿದ್ದಾರೆ. ಅದು ವರ್ಡಿನ ಡಾಕ್ಸ್ ಮಾದರಿಯ ಫೈಲನ್ನು ತೆರೆಯುತ್ತದೆ, ಆದರೆ ಅದೇ ಮಾದರಿಯಲ್ಲಿ ಉಳಿಸಲು ಬರುವುದಿಲ್ಲ. ಕೆಲಸದ ಅರ್ಜಿಗೆ ಇದೊಂದೇ ಕೊರತೆ ಸಾಕು, ಅದನ್ನು ಬಿಟ್ಟುಬಿಡಬೇಕು.

ಲಿಬ್ರೆಆಫೀಸನ್ನು ಎಷ್ಟು ಕಂಪ್ಯೂಟರಿಗೂ ಹಾಕಬಹುದು, ಸಂಘದ ಕಚೇರಿಗೂ ಸದಸ್ಯರ ಮನೆಗೂ ಒಂದೇ ಪೆನ್‌ಡ್ರೈವಿನಲ್ಲಿ ಕೊಂಡೊಯ್ಯಬಹುದು, ನೆರೆಮನೆಯವರಿಗೂ ಕೊಡಬಹುದು. ಅದರ ಪರವಾನಗಿಯೇ ಹಾಗಿದೆ. ಇಳಿಸಿಕೊಳ್ಳುವಾಗ ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಅಲ್ಲಿ ದೇಣಿಗೆ ಕೇಳುತ್ತಾರೆ, ಕೊಡುವುದು ಬಿಡುವುದು ಇಚ್ಛೆ.

ಕಂಪ್ಯೂಟರೇ ಇಲ್ಲದವರು ಏನು ಮಾಡಬೇಕು? ಜೋಗೇಶ್ವರಿ ಪೂರ್ವದ ಹತ್ತು ಅಡಿ ಕೋಣೆಗಳಲ್ಲಿ ಮೊಬೈಲ್ ಎಲ್ಲರಲ್ಲೂ ಇದೆ, ಕಂಪ್ಯೂಟರ್ ಇಲ್ಲ. ಅಂಥವರಿಗೆ ಗೂಗಲ್ ಡಾಕ್ಸ್ ಸಾಕು. ಮೊಬೈಲಿನಲ್ಲಿ ಬರೆದದ್ದು ಸಂಘದ ಕಂಪ್ಯೂಟರಿನಲ್ಲೂ ತೆರೆಯುತ್ತದೆ, ಅಲ್ಲಿ ತಿದ್ದಿದ್ದು ಮೊಬೈಲಿನಲ್ಲೂ ಕಾಣುತ್ತದೆ. ಸಣ್ಣ ಪರದೆಯಲ್ಲಿ ಸಾಲು ಸರಿಪಡಿಸುವುದು ಹಿಂಸೆಯ ಕೆಲಸ ಎಂಬುದು ಅನುಭವಿಸಿದವರಿಗೇ ಗೊತ್ತು. ಖಾತೆಯ ಪಾಸ್‌ವರ್ಡ್ ಮರೆತರೆ ಅಥವಾ ಸಿಮ್ ಬದಲಾಯಿಸಿದರೆ ಬಯೋಡಾಟಾ ಕೂಡ ಕೈತಪ್ಪಿ ಹೋಗುವ ಭಯವಿದೆ; ಹಾಗಾಗಿ ಒಂದು ಪ್ರತಿಯನ್ನು ಇಳಿಸಿ ಬೇರೆಡೆ ಇಟ್ಟುಕೊಳ್ಳುವುದು ಕ್ಷೇಮ. ಮೈಕ್ರೋಸಾಫ್ಟಿನ ಖಾತೆ ತೆರೆದರೆ ಬ್ರೌಸರಿನಲ್ಲಿ ವರ್ಡ್ ಕೂಡ ಉಚಿತವಾಗಿ ಬಳಸಬಹುದು ಎಂಬುದು ನಮ್ಮ ಬಹಳಷ್ಟು ಮಕ್ಕಳಿಗೆ ತಿಳಿದಿಲ್ಲ. ಇಂಟರ್‌ನೆಟ್ ಇರಬೇಕು, ಸೌಲಭ್ಯಗಳು ಕಡಿಮೆ, ಆದರೆ ಕದ್ದದ್ದಲ್ಲ.

ಇನ್ನು ಅರ್ಜಿ ಕಳುಹಿಸುವಾಗ ಆಗುವ ಎಡವಟ್ಟುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಉಚಿತ ತಂತ್ರಾಂಶಕ್ಕೆ ಕೆಟ್ಟ ಹೆಸರು ಬರುವುದು ಇಲ್ಲಿಯೇ. ಲಿಬ್ರೆಆಫೀಸಿನಲ್ಲಿ ಬರೆದು ಸುಮ್ಮನೆ 'ಸೇವ್' ಒತ್ತಿದರೆ ಫೈಲು ಓಡಿಟಿ ಎಂಬ ಅದರದ್ದೇ ಮಾದರಿಯಲ್ಲಿ ಉಳಿಯುತ್ತದೆ. ಇದು ಕಳಪೆ ಮಾದರಿಯಲ್ಲ, 2006ರಿಂದಲೇ ಅಂತಾರಾಷ್ಟ್ರೀಯ ಮಾನಕ. ಆದರೆ ಕೆಲಸ ಕೊಡಿಸುವ ಜಾಲತಾಣಗಳು ಸಾಮಾನ್ಯವಾಗಿ ಕೇಳುವುದು ಡಾಕ್, ಡಾಕ್ಸ್ ಅಥವಾ ಪಿಡಿಎಫ್. ಓಡಿಟಿ ಕಳುಹಿಸಿದರೆ ಕಂಪೆನಿಯವರು ಫೋನ್ ಮಾಡಿ 'ತೆರೆಯುತ್ತಿಲ್ಲ' ಎನ್ನುವುದಿಲ್ಲ, ಮುಂದಿನ ಅರ್ಜಿ ನೋಡುತ್ತಾರೆ ಅಷ್ಟೇ. ಆದ್ದರಿಂದ ತಿದ್ದಲು ಬೇಕಾದ ಪ್ರತಿ ಓಡಿಟಿಯಲ್ಲಿ ಮನೆಯಲ್ಲಿರಲಿ, ಕಳುಹಿಸುವ ಪ್ರತಿ ಪಿಡಿಎಫ್ ಆಗಿರಲಿ. ಪಿಡಿಎಫ್ ಮಾಡುವ ಗುಂಡಿ ಲಿಬ್ರೆಆಫೀಸಿನ ಮೇಲ್ಪಟ್ಟಿಯಲ್ಲಿಯೇ ಇದೆ. 2003ರ ಓಪನ್ ಆಫೀಸ್ 1.1ರಿಂದಲೂ ಇದ್ದ ಸೌಲಭ್ಯ ಅದು. ಪಿಡಿಎಫ್ ಒಳಗೇ ಮೂಲ ಫೈಲನ್ನು ಅಡಗಿಸಿಡುವ 'ಹೈಬ್ರಿಡ್' ಎಂಬ ಆಯ್ಕೆಯೂ ಇದೆ, ಎರಡೆರಡು ಫೈಲು ಕಾಪಾಡಲು ಬೇಸರವಿದ್ದವರಿಗೆ ಉಪಯುಕ್ತ.

ಕೆಲವು ಕಡೆ ಡಾಕ್ಸ್ ಮಾದರಿಯೇ ಬೇಕೆಂದು ಕೇಳುತ್ತಾರೆ. ಆಗ 'ಸೇವ್ ಆ್ಯಸ್' ಒತ್ತಿ ಅದನ್ನು ಆರಿಸಬೇಕು. ಇಲ್ಲಿ ಅಕ್ಷರಶೈಲಿಯ ತಕರಾರು ಬರುತ್ತದೆ. ವರ್ಡಿನಲ್ಲಿ ಕ್ಯಾಲಿಬ್ರಿ ಅಕ್ಷರದಲ್ಲಿ ಮಾಡಿದ ಮಾದರಿಯನ್ನು ಅದಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಸಾಲು ಉದ್ದವಾಗಿ, ಎರಡು ಪುಟದ ಬಯೋಡಾಟಾ ಮೂರನೇ ಪುಟಕ್ಕೆ ಒಂದೇ ಸಾಲು ಇಳಿಯಬಹುದು. ಇದಕ್ಕೆಂದೇ ಅದೇ ಅಗಲದ ಉಚಿತ ಅಕ್ಷರಗಳಿವೆ: ಕ್ಯಾಲಿಬ್ರಿಗೆ ಕಾರ್ಲಿಟೊ, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್, ಏರಿಯಲ್‌ಗೆ ಲಿಬರೇಶನ್ ಸಾನ್ಸ್. ಇವು ಲಿಬ್ರೆಆಫೀಸಿನ ಜತೆಗೇ ಬರುತ್ತವೆ. ಬಣ್ಣಬಣ್ಣದ ಚೌಕ, ಎರಡು ಕಾಲಂ, ಕೋಷ್ಟಕದೊಳಗೆ ಕೋಷ್ಟಕ ಮುಂತಾದ ಅಲಂಕಾರಗಳನ್ನು ಬಿಟ್ಟರೆ ಈ ತೊಂದರೆ ಮುಕ್ಕಾಲು ಪಾಲು ಇಲ್ಲ. ದೊಡ್ಡ ಕಂಪೆನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಮನುಷ್ಯನಲ್ಲ, ಯಂತ್ರ. ಆ ಯಂತ್ರಕ್ಕೆ ಚೌಕದೊಳಗೆ ಕೂರಿಸಿದ ಮೊಬೈಲ್ ನಂಬ್ರ ಕಾಣದೆ ಹೋಗುವುದುಂಟು. ಕಾಗದದ ಬಯೋಡಾಟಾವನ್ನು ಮೊಬೈಲಿನಲ್ಲಿ ಫೋಟೋ ತೆಗೆದು 'ಪಿಡಿಎಫ್ ಮಾಡಿದೆ' ಎಂದು ಕಳುಹಿಸುವವರೂ ಇದ್ದಾರೆ. ಅದು ಚಿತ್ರ, ಬರಹವಲ್ಲ. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ತನ್ನ ಹೆಸರಿನ ಮೇಲೆ ಬೆರಳಿಟ್ಟು ಆರಿಸಲು ನೋಡಬೇಕು. ಹೆಸರು ಆಯ್ಕೆಯಾಗದಿದ್ದರೆ ಆ ಫೈಲಿನಲ್ಲಿರುವುದು ಬರೀ ಚಿತ್ರವೆಂದೇ ತಿಳಿಯಬೇಕು.

ಕನ್ನಡದಲ್ಲಿ ಅರ್ಜಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕ ಹುದ್ದೆಯಿರಲಿ, ಪತ್ರಿಕೆಯ ಕೆಲಸವಿರಲಿ, ಊರಿನ ಸಹಕಾರಿ ಸಂಘಕ್ಕೆ ಬರೆಯುವುದಿರಲಿ, ಕನ್ನಡ ಅರ್ಜಿಗೆ ಇನ್ನೂ ಜಾಗವಿದೆ. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂದ ಮೇಲೆ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದ ಮೇಲೆ ಕನ್ನಡ ಟೈಪ್ ಮಾಡುವುದು ಮನೆಮಾತಾಯಿತು. ನುಡಿಯಲ್ಲಿ ಬಳಕೆಗೆ ಬಂದ ಕೀಲಿಮಣೆಯ ವಿನ್ಯಾಸ ಕಿನ್ನಿಕಂಬಳದ ಕೆ. ಪಿ. ರಾವ್ ಅವರದ್ದು. ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು ಎಂಬುದು ಇಲ್ಲಿನ ಕನ್ನಡಿಗರಿಗೆ ಅಭಿಮಾನದ ಸಂಗತಿ. ಕೀಲಿಮಣೆಯಲ್ಲಿ ದೋಷವಿಲ್ಲ. ದೋಷವಿರುವುದು ಹಳೆಯ ಅಕ್ಷರಗಳಲ್ಲಿ. ಯೂನಿಕೋಡ್ ಅಲ್ಲದ ಆ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಹೊಡೆದ ಅರ್ಜಿಯನ್ನು ಆ ಅಕ್ಷರವಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಸ. ಜೋಗೇಶ್ವರಿಯ ಅಂಗಡಿಯಲ್ಲಿ ಚಂದ ಕಂಡ ಅರ್ಜಿ ಮಂಗಳೂರಿನ ಕಚೇರಿಯಲ್ಲಿ ಓದಲಾಗದ ಒಗಟಾಗುತ್ತದೆ. ಯೂನಿಕೋಡಿನಲ್ಲಿ ಬರೆದರೆ ಈ ಗೋಳಿಲ್ಲ. ಲಿಬ್ರೆಆಫೀಸಿನಲ್ಲಿ ಕನ್ನಡ ಬರೆಯುವಾಗ ಅಕ್ಷರದ ಗಾತ್ರ ಬದಲಾಯಿಸಿದರೂ ಬದಲಾಗುತ್ತಿಲ್ಲ ಎಂದು ಕೈಬಿಟ್ಟವರಿದ್ದಾರೆ. ಅದರಲ್ಲಿ ಕನ್ನಡ, ಹಿಂದಿಯಂಥ ಭಾಷೆಗಳಿಗೆ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬ ಪ್ರತ್ಯೇಕ ವಿಭಾಗವಿದ್ದು, ಇಂಗ್ಲಿಷಿನ ಗಾತ್ರ ಬೇರೆ, ಕನ್ನಡದ ಗಾತ್ರ ಬೇರೆಯಾಗಿ ನಿಗದಿಪಡಿಸಬೇಕಾಗುತ್ತದೆ. ಒಮ್ಮೆ ಯಾರಾದರೂ ತೋರಿಸಿಕೊಟ್ಟರೆ ಎರಡು ನಿಮಿಷದ ಕೆಲಸ. ತೋರಿಸಿಕೊಡುವವರು ಬೇಕು ಎಂಬುದೇ ಇಡೀ ವಿಷಯದ ತಿರುಳು.

ತೋರಿಸಿಕೊಡುವವರು ದೂರವೇನೂ ಇಲ್ಲ. ಜೋಗೇಶ್ವರಿಯಿಂದ ವಿಕ್ರೋಲಿ ಲಿಂಕ್ ರಸ್ತೆ ಹಿಡಿದು ಹೋದರೆ ಪೊವಾಯಿ, ಅಲ್ಲಿ ಐ.ಐ.ಟಿ. ಬಾಂಬೆ. ಅಲ್ಲಿನ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಕೇಂದ್ರ ಸರಕಾರದ ಶಿಕ್ಷಣ ಯೋಜನೆಯಡಿ ಬೆಳೆದ 'ಸ್ಪೋಕನ್ ಟ್ಯುಟೋರಿಯಲ್' ಎಂಬ ಪಾಠಮಾಲೆ ಇದೆ. ಹತ್ತು ನಿಮಿಷದ ಆಸುಪಾಸಿನ ಒಂದೊಂದು ವೀಡಿಯೋ. ನೋಡುತ್ತಾ ಜತೆಜತೆಯಲ್ಲೇ ಮಾಡುತ್ತಾ ಕಲಿಯುವ ಕ್ರಮ. ಲಿಬ್ರೆಆಫೀಸ್ ರೈಟರ್ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಸ್ವಾರಸ್ಯವೆಂದರೆ ಆ ಪಾಠದಲ್ಲಿ ಅಭ್ಯಾಸಕ್ಕಾಗಿ ಬರೆಸುವ ಮೊದಲ ಫೈಲಿನ ಹೆಸರೇ 'ರೆಸ್ಯೂಮೆ'. ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಎಂದು ಒಂದೊಂದೇ ಸಾಲು ಹೊಡೆಯಿಸಿ ಕಲಿಸುತ್ತಾರೆ. ಈ ಸಂಪತ್ತು ನಾಲ್ಕು ಬಸ್‌ಸ್ಟಾಪು ಆಚೆ ತಯಾರಾಗಿ ಪುಕ್ಕಟೆ ಸಿಗುತ್ತಿರುವಾಗ ಸಂಘದ ಸಭಾಗೃಹದ ಪ್ರೊಜೆಕ್ಟರ್ ವಾರ್ಷಿಕೋತ್ಸವದ ದಿನ ಮಾತ್ರ ಉರಿಯುವುದು ಸರಿಯೇ?

ಕಾಸರಗೋಡಿನತ್ತ ನೋಡಿದರೆ ಇನ್ನಷ್ಟು ನಾಚಿಕೆಯಾಗಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಕುಟುಂಬಗಳು ಮುಂಬಯಿಯಲ್ಲಿವೆ. ಅವರ ಊರಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲಿಯೇ ಓದಿ, ಲಿನಕ್ಸ್ ಯಂತ್ರದ ಮೇಲೆ ಲಿಬ್ರೆಆಫೀಸ್ ರೈಟರಿನಲ್ಲಿ ಬರೆಯುತ್ತಾರೆ. 2001ರಲ್ಲಿ ಕೇರಳ ಸರಕಾರ ಆರಂಭಿಸಿದ 'ಐ.ಟಿ. ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಎಂಬ ಕಂಪೆನಿಯಾಯಿತು. ಸ್ವತಂತ್ರ ತಂತ್ರಾಂಶದ ಹಾದಿಯನ್ನು ಮಾತ್ರ ಬಿಡಲಿಲ್ಲ. ಊರಿನ ತಮ್ಮ ಶಾಲೆಯಲ್ಲಿ ಕಲಿಯುವುದನ್ನು ಮಹಾನಗರದ ಅಣ್ಣ ಹೆಸರು ಕೂಡ ಕೇಳಿಲ್ಲ.

ಮಹಾರಾಷ್ಟ್ರದ ಮಕ್ಕಳು ಕಲಿಯುವುದು ಎಂ.ಎಸ್.-ಸಿ.ಐ.ಟಿ. ಇಲ್ಲಿ 'ಎಂ.ಎಸ್.' ಎಂದರೆ ಮೈಕ್ರೋಸಾಫ್ಟ್ ಎಂದು ನಂಬಿದ ಹೆತ್ತವರಿದ್ದಾರೆ, ಅದು ಮಹಾರಾಷ್ಟ್ರ ಸ್ಟೇಟ್. ಆ ಸರ್ಟಿಫಿಕೇಟ್ ಸರಕಾರಿ ಕೆಲಸಕ್ಕೆ ಬೇಕಾಗುತ್ತದೆ, ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಇಲ್ಲಿಂದಲೇ ಒಂದು ಆಕ್ಷೇಪವೂ ಬರುತ್ತದೆ: ಸೀಪ್ಝ್‌ನಲ್ಲಾಗಲಿ ಮರೋಲ್ ಎಂ.ಐ.ಡಿ.ಸಿ.ಯಲ್ಲಾಗಲಿ ಕಚೇರಿಗಳು ನಡೆಯುವುದು ವರ್ಡ್ ಮತ್ತು ಎಕ್ಸೆಲ್ ಮೇಲೆ. ಹುಡುಗರಿಗೆ ಬೇರೇನನ್ನೋ ಕಲಿಸಿ ಸಂದರ್ಶನದಲ್ಲಿ ತಬ್ಬಿಬ್ಬು ಮಾಡುವುದು ಯಾಕೆ? ಆಕ್ಷೇಪದಲ್ಲಿ ಹುರುಳಿದೆ. ಎಕ್ಸೆಲ್ ವಿಷಯದಲ್ಲಿ ಹೆಚ್ಚೇ ಹುರುಳಿದೆ. ಲೆಕ್ಕಪತ್ರದ ಕೆಲಸಕ್ಕೆ ಹೋಗುವವರು ಎಕ್ಸೆಲನ್ನು ಕ್ಲಾಸಿನಲ್ಲಿ ಸರಿಯಾಗಿ ಕಲಿಯುವುದೇ ಒಳ್ಳೆಯದು. ಆದರೆ ಪತ್ರ ಬರೆಯುವುದರ ಮಟ್ಟಿಗೆ ತಲೆಬರಹ, ಪ್ಯಾರಾ, ಅಂಚು, ಪುಟಸಂಖ್ಯೆ, ಕಾಗುಣಿತ ತಪಾಸಣೆ ಎಲ್ಲ ಕಡೆ ಒಂದೇ. ಹೀರೋ ಸೈಕಲಿನಲ್ಲಿ ಕಲಿತವನು ಅಟ್ಲಾಸ್ ಓಡಿಸಲಾರ ಎಂದ ಹಾಗಾಯಿತು. ಬಯೋಡಾಟಾದಲ್ಲಿ 'ಎಂ.ಎಸ್. ಆಫೀಸ್ ಬಲ್ಲೆ' ಎಂದು ಸುಳ್ಳು ಬರೆಯುವುದಕ್ಕಿಂತ 'ಲಿಬ್ರೆಆಫೀಸ್ ರೈಟರ್ ದಿನವೂ ಬಳಸುತ್ತೇನೆ, ವರ್ಡ್ ಪರಿಚಯವಿದೆ' ಎಂದು ಬರೆದವನನ್ನು ಪರೀಕ್ಷಿಸಿ ನೋಡಿದರೆ ಕೆಲಸ ಕೊಡುವವನಿಗೆ ಬೇಸರವಾಗಲಾರದು.

'ಪುಕ್ಕಟೆ ಸಿಗುವುದಕ್ಕೆ ಬೆಲೆಯಿಲ್ಲ' ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ರಾತ್ರಿ ಶಾಲೆಗಳು ಪುಕ್ಕಟೆಯೇ ಆಗಿದ್ದವು ಎಂದಷ್ಟೇ ಅದಕ್ಕೆ ಉತ್ತರ.

ಸಂಘಗಳು ಮಾಡಬೇಕಾದದ್ದು ದೊಡ್ಡ ಬಜೆಟಿನ ಕೆಲಸವಲ್ಲ. ಕಚೇರಿಯ ಕಂಪ್ಯೂಟರಿನಿಂದ ಕದ್ದ ಪ್ರತಿಯನ್ನು ಮೊದಲು ತೆಗೆದುಹಾಕಲಿ, ಲಿಬ್ರೆಆಫೀಸ್ ಹಾಕಲಿ. ಮಹಾಸಭೆಯಲ್ಲಿ ಠರಾವು ಬೇಕೆಂದೇನೂ ಇಲ್ಲ, ಕಾರ್ಯದರ್ಶಿಯವರ ಒಂದು ಗಂಟೆಯ ಕೆಲಸ. ಸದಸ್ಯರ ಮನೆಗಳಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪುಗಳು ಬೇಕಾದಷ್ಟಿವೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದುದರಿಂದ ಇಂಥವು ಇನ್ನೂ ಹೆಚ್ಚಾಗುತ್ತವೆ. ಲಿನಕ್ಸ್ ಹಾಕಿದರೆ ಅರ್ಜಿ ಬರೆಯುವಷ್ಟು ಕೆಲಸಕ್ಕೆ ಅವು ಧಾರಾಳ ಸಾಕು. ತಿಂಗಳಿಗೆ ಒಂದು ಆದಿತ್ಯವಾರ ಬೆಳಿಗ್ಗೆ, ಭಜನೆಗೂ ಯಕ್ಷಗಾನದ ತರಬೇತಿಗೂ ಅಡ್ಡಿಯಾಗದಂತೆ, ಎರಡು ಗಂಟೆ ಸಾಕು. ನಮ್ಮ ಸಮಾಜದಲ್ಲಿಯೇ ಬ್ಯಾಂಕಿನಿಂದ ನಿವೃತ್ತರಾದವರು, ಕಂಪೆನಿಗಳಲ್ಲಿ ನೂರಾರು ಅರ್ಜಿ ಓದಿದ ಅಧಿಕಾರಿಗಳು ಇದ್ದಾರೆ. ಅವರನ್ನು ವೇದಿಕೆಗೆ ಕರೆದು ಶಾಲು ಹೊದೆಸುವ ಬದಲು ಒಬ್ಬ ಹುಡುಗನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರೆ ಅವರಿಗೂ ಸಂತೋಷವಾದೀತು.

ಆ ಎರಡು ಗಂಟೆಯಲ್ಲಿ ಮೊದಲು ಬರೆಯಿಸಬೇಕಾದದ್ದು ಹೆಸರು. ಇದು ತಮಾಷೆಯಲ್ಲ. ಪೂಜಾರಿ, ಶೆಟ್ಟಿ, ಮೂಲ್ಯ, ದೇವಾಡಿಗ, ಕೋಟ್ಯಾನ್ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಶಾಲೆಯವರು ಒಂದು ರೀತಿ, ಆಧಾರ್‌ನವರು ಇನ್ನೊಂದು ರೀತಿ, ಬ್ಯಾಂಕಿನವರು ಮೂರನೇ ರೀತಿ ಬರೆದಿರುತ್ತಾರೆ. ಬಯೋಡಾಟಾ ನಾಲ್ಕನೇ ರೀತಿಯಾಗಬಾರದು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿದ್ದಂತೆಯೇ ಇರಬೇಕು. ಯಾವ ತಂತ್ರಾಂಶವಾದರೂ ಈ ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ತಪ್ಪೆಂದು ತಿಳಿದು ಅಂಗಡಿಯವನು ಅದು ಸೂಚಿಸಿದ ಬೇರೆ ಪದವನ್ನು ಒತ್ತಿಬಿಡುವುದೂ ಇದೆ. ಬಲಗುಂಡಿ ಒತ್ತಿ 'ನಿಘಂಟಿಗೆ ಸೇರಿಸು' ಎಂದರೆ ಗೆರೆ ಮಾಯವಾಗುತ್ತದೆ, ಮತ್ತೆ ಆ ಕಂಪ್ಯೂಟರು ಆ ಹೆಸರನ್ನು ಪ್ರಶ್ನಿಸುವುದಿಲ್ಲ.